ಮೂರರ ತಂಡ, 1500ರ ಮಿತಿ: ಮಲಾಡಿನ ಪೋಕೆಮಾನ್ ಗೋ ಆಟ ಕಲಿಸಿದ ಪಾಠಗಳು

ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಒಂದರೊಡನೊಂದು ಕಾದಾಡಿಸುವ ವಿಡಿಯೋ ಗೇಮ್‌ಗಳಲ್ಲಿ ಪೋಕೆಮಾನ್‌ನಷ್ಟು ದೀರ್ಘಕಾಲ ಬಾಳಿದ್ದು ವಿರಳ. ಸಾತೋಶಿ ತಾಜಿರಿ ಅವರ ಕಲ್ಪನೆಯಿಂದ ಮೂಡಿ, 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಎಂಬ ಎರಡು ಆವೃತ್ತಿಗಳಾಗಿ ಹೊರಬಂದ ಈ ಆಟ ಮೊದಲಿಗೆ ನಿಂಟೆಂಡೊ ಕಂಪನಿಯ ಯಂತ್ರಗಳಿಗಷ್ಟೇ ಮೀಸಲಾಗಿತ್ತು. ಆ ಯಂತ್ರಗಳು ಭಾರತದ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ಕಡಿಮೆಯಾದ್ದರಿಂದ, ಇಲ್ಲಿನ ಮಕ್ಕಳಿಗೆ ಪೋಕೆಮಾನ್ ಪರಿಚಯವಾದದ್ದು ಟೀವಿಯ ಕಾರ್ಟೂನ್ ಮೂಲಕ. ಆಟವೇ ಕೈಗೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ರಿಲಯನ್ಸ್ ಜಿಯೋ ಸಹಯೋಗದೊಂದಿಗೆ ಪೋಕೆಮಾನ್ ಗೋ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಿ, ರಿಲಯನ್ಸ್ ಡಿಜಿಟಲ್ ಮಳಿಗೆಗಳೇ ಆಟದೊಳಗಿನ ನಿಲ್ದಾಣಗಳಾದಾಗ, ಮೊಬೈಲ್ ಇದ್ದವರೆಲ್ಲ ಆಟಗಾರರಾಗಬಹುದಾದ ಸ್ಥಿತಿ ಬಂತು.

ಮುಂಬಯಿಯ ಪಶ್ಚಿಮ ಉಪನಗರವಾದ ಮಲಾಡ್ ಇಂತಹ ಆಟಕ್ಕೆ ಒಗ್ಗುವ ಊರು. ರೈಲು ನಿಲ್ದಾಣ, ಎಸ್.ವಿ. ರಸ್ತೆ, ಇನಾರ್ಬಿಟ್ ಮಾಲ್ ಮತ್ತು ಮೈಂಡ್‌ಸ್ಪೇಸ್ ಕಚೇರಿಗಳಿರುವ ಲಿಂಕ್ ರಸ್ತೆ, ಮೀಠ್ ಚೌಕಿ, ಅಲ್ಲಿಂದ ಮುಂದೆ ಮಾರ್ವೆ ಮತ್ತು ಅಕ್ಸಾ ಕಡಲತೀರ, ಇವೆಲ್ಲ ನಡೆದೋ ಬಸ್ಸಿನಲ್ಲೋ ತಲುಪಬಹುದಾದ ಅಂತರದಲ್ಲಿವೆ. ಹೋಟೆಲ್ ಉದ್ಯಮಕ್ಕೆ, ಬ್ಯಾಂಕಿಗೆ, ಕಚೇರಿ ಕೆಲಸಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಇಲ್ಲಿ ಮರಾಠಿ, ಗುಜರಾತಿ, ಹಿಂದಿ ಮನೆಗಳ ಮಕ್ಕಳೊಡನೆ ಬೆರೆತು ಆಡುತ್ತಾರೆ. ಆದರೆ ಪ್ರಾಣಿಗಳನ್ನು ಹಿಡಿಯುತ್ತ ಅಡ್ಡಾಡುವುದು ಬೇರೆ, ಎದುರಾಳಿಯನ್ನು ಮಣಿಸುವ ತಂಡ ಕಟ್ಟುವುದು ಬೇರೆ. ಈ ಎರಡನೆಯ ವಿದ್ಯೆಯ ಕುರಿತು ಮಲಾಡಿನ ಆಟದಿಂದ ಈ ಬರಹಗಾರನಿಗೆ ದೊರೆತ ತಿಳಿವಳಿಕೆಯನ್ನು ಕ್ರಮವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಿಯಮಗಳು. 2020ರಲ್ಲಿ ಆರಂಭವಾದ ಗೋ ಬ್ಯಾಟಲ್ ಲೀಗ್‌ನಲ್ಲಿ ಪ್ರತಿ ಆಟಗಾರನೂ ಮೂರು ಪೋಕೆಮಾನ್‌ಗಳ ತಂಡವನ್ನು ಮುಂಚಿತವಾಗಿ ಆರಿಸಿಕೊಂಡು, ಎದುರಾಳಿಯ ತಂಡ ಯಾವುದೆಂದು ತಿಳಿಯದೆಯೇ ಕಣಕ್ಕಿಳಿಯುತ್ತಾನೆ. ಪ್ರತಿ ಪೋಕೆಮಾನ್‌ಗೂ ಅದರ ಒಟ್ಟು ಬಲವನ್ನು ಸೂಚಿಸುವ ಸಿಪಿ ಎಂಬ ಅಂಕ ಇರುತ್ತದೆ. ಗ್ರೇಟ್ ಲೀಗ್‌ನಲ್ಲಿ ಈ ಅಂಕ 1500ನ್ನು, ಅಲ್ಟ್ರಾ ಲೀಗ್‌ನಲ್ಲಿ 2500ನ್ನು ಮೀರುವಂತಿಲ್ಲ. ಮಾಸ್ಟರ್ ಲೀಗ್‌ಗೆ ಮಾತ್ರ ಮಿತಿಯಿಲ್ಲ. ಎದುರಾಳಿಯ ದೊಡ್ಡ ಹೊಡೆತವನ್ನು ತಡೆಯಲು ಪ್ರತಿಯೊಬ್ಬನಿಗೂ ಎರಡೇ ಶೀಲ್ಡ್, ಅಂದರೆ ಗುರಾಣಿ, ದೊರೆಯುತ್ತವೆ. ಹೆಚ್ಚು ಹಣ ಮತ್ತು ಕಾಲ ವ್ಯಯಿಸಿದವನ ಬಳಿ ಇರುವ ದೈತ್ಯ ಪ್ರಾಣಿಗಳಿಗೆ ಮಾಸ್ಟರ್ ಲೀಗ್‌ನಲ್ಲಿ ಬೆಲೆ. 1500ರ ಮಿತಿಯಿರುವ ಗ್ರೇಟ್ ಲೀಗ್‌ನಲ್ಲಿ ಬೀದಿಯಲ್ಲಿ ದಿನವೂ ಸಿಗುವ ಸಾಮಾನ್ಯ ಪ್ರಾಣಿಯೂ ಅವುಗಳಿಗೆ ಸಮನಾಗಿ ನಿಲ್ಲಬಲ್ಲದು. ತಿಂಗಳ ರೀಚಾರ್ಜ್ ಲೆಕ್ಕ ಹಾಕಿ ಆಡುವ ಕಾಲೇಜು ಹುಡುಗನಿಗೆ ಗ್ರೇಟ್ ಲೀಗ್ ಹಿಡಿಸಲು ಇದೇ ಕಾರಣ.

ತಂಡ ಕಟ್ಟುವ ಕೆಲಸ ಆರಂಭವಾಗಬೇಕಾದದ್ದು ಟೈಪ್ ಎಂಬ ವರ್ಗೀಕರಣದಿಂದ. ನೀರು, ಬೆಂಕಿ, ಹುಲ್ಲು, ವಿದ್ಯುತ್, ನೆಲ, ಉಕ್ಕು ಮೊದಲಾದ 18 ಟೈಪ್‌ಗಳಲ್ಲಿ ಒಂದಕ್ಕೋ ಎರಡಕ್ಕೋ ಪ್ರತಿ ಪೋಕೆಮಾನ್ ಸೇರಿರುತ್ತದೆ. ಗೋ ಆಟದಲ್ಲಿ ಒಂದು ಹೊಡೆತ ಎದುರಿನ ಟೈಪ್‌ಗೆ ಮಾರಕವಾದರೆ ಅದರ ಪೆಟ್ಟು 1.6 ಪಟ್ಟಾಗುತ್ತದೆ, ಆ ಟೈಪ್ ಅದನ್ನು ತಡೆದುಕೊಳ್ಳುವಂಥದ್ದಾದರೆ 0.625 ಪಟ್ಟಿಗೆ ಇಳಿಯುತ್ತದೆ, ಎರಡು ಟೈಪ್ ಇರುವ ಪ್ರಾಣಿಗೆ ಈ ಗುಣಕಗಳು ಪರಸ್ಪರ ಗುಣಿಸಲ್ಪಡುತ್ತವೆ. ಉದಾಹರಣೆಗೆ ನೀರು ಮತ್ತು ನೆಲ ಎರಡೂ ಟೈಪ್ ಇರುವ ಸ್ವಾಂಪರ್ಟ್‌ನ ಮೇಲೆ ಹುಲ್ಲಿನ ಹೊಡೆತ ಬಿದ್ದರೆ 1.6ನ್ನು 1.6ರಿಂದ ಗುಣಿಸಿದ 2.56 ಪಟ್ಟು ಪೆಟ್ಟು ತಗಲುತ್ತದೆ. ಅದೇ ಪ್ರಾಣಿಯ ಮೇಲೆ ವಿದ್ಯುತ್ತಿನ ಹೊಡೆತ ಬಿದ್ದಾಗ, ನೀರು ಹೆಚ್ಚಿಸಿದ್ದನ್ನು ನೆಲ ಇನ್ನೂ ಹೆಚ್ಚಾಗಿ ತಗ್ಗಿಸುವುದರಿಂದ, ಪೆಟ್ಟು 0.625 ಪಟ್ಟಷ್ಟೇ ಉಳಿಯುತ್ತದೆ.

ಈ ಗಣಿತ ತಿಳಿದ ಮೇಲೆ, ತನಗೆ ಪ್ರಿಯವಾದ ಮೂರು ಬಲಶಾಲಿಗಳನ್ನು ಒಟ್ಟುಗೂಡಿಸುವ ಕ್ರಮ ಏಕೆ ಸೋಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಗ್ರೇಟ್ ಲೀಗ್‌ನಲ್ಲಿ ಬಹುಕಾಲದಿಂದ ಹೆಸರು ಮಾಡಿರುವ ಅಜುಮರಿಲ್ ಅನ್ನು ಕೇಂದ್ರವಾಗಿಟ್ಟು ತಂಡ ಕಟ್ಟುವುದಾದರೆ, ನೀರು ಮತ್ತು ಫೇರಿ ಟೈಪ್‌ನ ಈ ಪ್ರಾಣಿ ಹುಲ್ಲು, ವಿದ್ಯುತ್ ಮತ್ತು ವಿಷದ ಹೊಡೆತಗಳಿಗೆ ಸೋಲುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಉಕ್ಕು ಮತ್ತು ಹಾರುವ ಟೈಪ್‌ನ ಸ್ಕಾರ್ಮರಿ ಹುಲ್ಲನ್ನೂ ವಿಷವನ್ನೂ ಸುಮಾರು 0.39 ಪಟ್ಟಿಗೆ ಇಳಿಸುವುದರಿಂದ ಎರಡನೆಯ ಸ್ಥಾನಕ್ಕೆ ತಕ್ಕದ್ದು. ಆದರೆ ಸ್ಕಾರ್ಮರಿಗೂ ವಿದ್ಯುತ್ತಿನ ಭಯವಿದೆ. ಆದ್ದರಿಂದ ಮೂರನೆಯದಾಗಿ ವಿದ್ಯುತ್ತನ್ನು ತಡೆಯುವ ಸ್ವಾಂಪರ್ಟ್ ಬರುತ್ತದೆ, ಸ್ವಾಂಪರ್ಟ್‌ಗೆ ಮಾರಕವಾದ ಹುಲ್ಲನ್ನು ಸ್ಕಾರ್ಮರಿ ನೋಡಿಕೊಳ್ಳುತ್ತದೆ, ಸ್ಕಾರ್ಮರಿಗೆ ಮಾರಕವಾದ ಬೆಂಕಿಯನ್ನು ಇನ್ನೆರಡು ನೀರಿನ ಪ್ರಾಣಿಗಳು ತಡೆಯುತ್ತವೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಸರಪಳಿ ಪೂರ್ಣವಾದಾಗಲೇ ಮೂರು ಪೋಕೆಮಾನ್‌ಗಳು ತಂಡ ಎನಿಸಿಕೊಳ್ಳುತ್ತವೆ.

ಅದೇ ಮೂರು ಪ್ರಾಣಿಗಳು ಯಾವ ಅನುಕ್ರಮದಲ್ಲಿ ನಿಲ್ಲುತ್ತವೆ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. ಮೊದಲು ಕಣಕ್ಕಿಳಿಯುವುದನ್ನು ಆಟಗಾರರು ಲೀಡ್ ಎನ್ನುತ್ತಾರೆ. ಲೀಡ್ ಸೋಲುವಂತಿದ್ದರೆ ಹೆಚ್ಚು ನಷ್ಟವಿಲ್ಲದೆ ಬದಲಿಸಿ ತರಬಹುದಾದದ್ದು ಸೇಫ್ ಸ್ವಾಪ್. ಗುರಾಣಿಗಳೆಲ್ಲ ಮುಗಿದ ಮೇಲೆ ಕೊನೆಯ ಹೊಡೆತಗಳಲ್ಲಿ ಗೆಲ್ಲಬಲ್ಲದ್ದು ಕ್ಲೋಸರ್. ಒಮ್ಮೆ ಪ್ರಾಣಿಯನ್ನು ಬದಲಿಸಿದರೆ ನಿಗದಿತ ಸೆಕೆಂಡುಗಳವರೆಗೆ ಮತ್ತೆ ಬದಲಿಸುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಸ್ವಾಂಪರ್ಟ್ ಮುಂದೆ ನಿಂತು, ವಿದ್ಯುತ್ತಿಗೆ ಹೆದರುವ ಅಜುಮರಿಲ್ ಮತ್ತು ಸ್ಕಾರ್ಮರಿ ಹಿಂದೆ ಇರುವ ವ್ಯೂಹವನ್ನು ಎಬಿಬಿ ಎಂದು ಕರೆಯುವುದುಂಟು: ಹಿಂದಿನ ಎರಡಕ್ಕೂ ಒಂದೇ ಶತ್ರು, ಆ ಶತ್ರುವನ್ನು ಮುಂದಿನದು ಮೊದಲೇ ಹೊಡೆದು ಹಾಕಿದರೆ ಉಳಿದೆರಡಕ್ಕೂ ದಾರಿ ಸುಗಮ. ಮೂರೂ ಪರಸ್ಪರ ಭಿನ್ನವಾಗಿ ಸಮತೋಲನ ಕಾಯ್ದುಕೊಳ್ಳುವ ವ್ಯೂಹ ಎಬಿಸಿ. ಹೊಸಬರಿಗೆ ಎಬಿಸಿ ಹೆಚ್ಚು ಸುರಕ್ಷಿತ, ಎದುರಾಳಿಯ ಮನಸ್ಸನ್ನು ಓದಬಲ್ಲವರಿಗೆ ಎಬಿಬಿ ಹೆಚ್ಚು ಲಾಭದಾಯಕ ಎಂಬುದು ಅನುಭವದ ಸಾರ.

ಇನ್ನು ಒಂದೇ ಜಾತಿಯ ಎರಡು ಪೋಕೆಮಾನ್‌ಗಳ ನಡುವಿನ ವ್ಯತ್ಯಾಸ. ಪ್ರತಿಯೊಂದಕ್ಕೂ ಆಕ್ರಮಣ, ರಕ್ಷಣೆ, ತಾಳ್ಮೆ ಎಂಬ ಮೂರು ಗುಣಗಳಲ್ಲಿ 0ಯಿಂದ 15ರವರೆಗಿನ ಹುಟ್ಟಂಕಗಳಿರುತ್ತವೆ. ಇವನ್ನು ಐವಿ ಎನ್ನುತ್ತಾರೆ. ಮೂರರಲ್ಲೂ 15 ಇದ್ದರೆ ಶ್ರೇಷ್ಠ ಎಂದು ತೋರುವುದು ಸಹಜ, ಆದರೆ 1500ರ ಮಿತಿಯಲ್ಲಿ ಇದು ಬಹುತೇಕ ತಲೆಕೆಳಗು. ಸಿಪಿ ಸೂತ್ರದಲ್ಲಿ ಆಕ್ರಮಣವನ್ನು ಪೂರ್ತಿಯಾಗಿಯೂ ರಕ್ಷಣೆ ಮತ್ತು ತಾಳ್ಮೆಯ ವರ್ಗಮೂಲವನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. 40ನೆಯ ಹಂತಕ್ಕೆ ಬೆಳೆಸಿದ ಅಜುಮರಿಲ್‌ನ ಮೂರೂ ಅಂಕ 15 ಇದ್ದರೆ ಅದರ ಸಿಪಿ 1588 ಆಗಿ ಗ್ರೇಟ್ ಲೀಗ್‌ನಿಂದ ಹೊರಬೀಳುತ್ತದೆ. ಆಕ್ರಮಣ 0, ಉಳಿದೆರಡು 15 ಇದ್ದರೆ ಅದೇ ಹಂತದಲ್ಲಿ ಸಿಪಿ 1400. ಉಳಿದ ನೂರು ಅಂಕಗಳ ಅವಕಾಶವನ್ನು ಇನ್ನಷ್ಟು ಹಂತಗಳನ್ನೇರಿಸಿ ತುಂಬಿದಾಗ ರಕ್ಷಣೆಯೂ ತಾಳ್ಮೆಯೂ ಹೆಚ್ಚಿ, ಪ್ರಾಣಿ ಎದುರಾಳಿಗಿಂತ ಒಂದು ಹೊಡೆತ ಹೆಚ್ಚು ತಾಳಿಕೊಳ್ಳುತ್ತದೆ, ಆ ಒಂದು ಹೊಡೆತದಲ್ಲೇ ಅನೇಕ ಪಂದ್ಯಗಳು ತೀರ್ಮಾನವಾಗುತ್ತವೆ.

ಇಲ್ಲಿಯೇ ಮಲಾಡಿನ ಮಳೆಗಾಲ ಒಂದು ವಿಚಿತ್ರ ಪಾಠ ಕಲಿಸುತ್ತದೆ. ಆಟದೊಳಗಿನ ಹವಾಮಾನ ಹೊರಗಿನ ಹವಾಮಾನವನ್ನು ಅನುಸರಿಸುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೀರಿನ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಳ್ಳುತ್ತವೆ. ಅಜುಮರಿಲ್‌ನ ಹಿಂದಿನ ರೂಪವಾದ ಮರಿಲ್‌ಗಂತೂ ಮಳೆ ನೀರಿನ ಟೈಪ್‌ನಿಂದಲೂ ಮೋಡ ಕವಿದ ಆಕಾಶ ಫೇರಿ ಟೈಪ್‌ನಿಂದಲೂ ಬಲ ತುಂಬುತ್ತದೆ. ಆದರೆ ಹವಾಮಾನದ ಬಲ ಪಡೆದು ಸಿಗುವ ಪ್ರತಿ ಪೋಕೆಮಾನ್‌ಗೂ ಮೂರು ಗುಣಗಳಲ್ಲಿ ಕನಿಷ್ಠ 4 ಅಂಕ ಖಾತ್ರಿ. ದೈತ್ಯರನ್ನು ಅರಸುವವರಿಗೆ ವರವಾದ ಈ ಖಾತ್ರಿ, ಆಕ್ರಮಣ 0 ಇರುವ ಮರಿಲ್ ಬೇಕಾದವರಿಗೆ ಅಡ್ಡಿ. ಹಾಗಾಗಿ ಮಳೆಯಲ್ಲಿ ಹಿಡಿದದ್ದನ್ನು ಬೆಳವಣಿಗೆಗೆ ಬೇಕಾದ ಕ್ಯಾಂಡಿಗಾಗಿ ಇಟ್ಟುಕೊಂಡು, ಅಂಕಗಳಿಗಾಗಿ ಟ್ರೇಡ್, ಅಂದರೆ ವಿನಿಮಯ, ಮಾಡಿಕೊಳ್ಳುವುದು ಬುದ್ಧಿವಂತಿಕೆ. ವಿನಿಮಯವಾದಾಗ ಹಳೆಯ ಅಂಕಗಳು ಅಳಿದು ಹೊಸವು ಬರುತ್ತವೆ. ಅದರಲ್ಲೂ ಆಟದೊಳಗಿನ ಸ್ನೇಹ ಆಳವಾದಷ್ಟೂ ಕನಿಷ್ಠ ಅಂಕದ ಮಿತಿ ಏರುತ್ತ ಬೆಸ್ಟ್ ಫ್ರೆಂಡ್ ಹಂತದಲ್ಲಿ 5ಕ್ಕೆ ಮುಟ್ಟುವುದರಿಂದ, ಗ್ರೇಟ್ ಲೀಗ್‌ಗೆ ಆಪ್ತ ಗೆಳೆಯನಿಗಿಂತ ಹೊಸದಾಗಿ ಪರಿಚಯವಾದವನೇ ಹೆಚ್ಚು ಉಪಕಾರಿ. ವಿನಿಮಯಕ್ಕೆ ಇಬ್ಬರೂ ಸಾಮಾನ್ಯವಾಗಿ 100 ಮೀಟರ್ ಒಳಗಿರಬೇಕಾದ ಕಾರಣ, ಸ್ಟೇಷನ್ ಬಳಿಯ ಉಡುಪಿ ಹೋಟೆಲಿನಲ್ಲಿ ಕಟಿಂಗ್ ಚಹಾ ಮುಗಿಯುವಷ್ಟರಲ್ಲಿ, ಪಕ್ಕದ ಮೇಜಿನ ಹುಡುಗನನ್ನು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡು ಮರಿಲ್‌ಗಳನ್ನು ಅದಲುಬದಲು ಮಾಡಿಕೊಳ್ಳುವುದು ಇಲ್ಲಿನ ರೂಢಿ.

ತಂಡ ಸಿದ್ಧವಾದರೂ ಅದನ್ನು ಆಡಿಸುವ ವಿದ್ಯೆ ಬೇರೆಯೇ ಇದೆ. ಪ್ರತಿ ಪೋಕೆಮಾನ್‌ಗೆ ಪದೇ ಪದೇ ಹೊಡೆಯಬಹುದಾದ ಒಂದು ಫಾಸ್ಟ್ ಹೊಡೆತವೂ, ಅದರಿಂದ ಸಂಗ್ರಹವಾದ ಶಕ್ತಿಯನ್ನು ವ್ಯಯಿಸುವ ಒಂದೋ ಎರಡೋ ಚಾರ್ಜ್ಡ್ ಹೊಡೆತಗಳೂ ಇರುತ್ತವೆ. ಸಂಗ್ರಹವಾಗಬಹುದಾದ ಗರಿಷ್ಠ ಶಕ್ತಿ 100. ಸ್ವಾಂಪರ್ಟ್‌ನ ಹೈಡ್ರೋ ಕ್ಯಾನನ್‌ಗೆ 40, ಅರ್ಥ್‌ಕ್ವೇಕ್‌ಗೆ 65 ಶಕ್ತಿ ಬೇಕು. 65 ತುಂಬುವವರೆಗೆ ಕಾದು 40ರ ಹೊಡೆತವನ್ನು ಬಿಟ್ಟರೆ, ಅರ್ಥ್‌ಕ್ವೇಕ್ ಬರುತ್ತಿದೆ ಎಂದು ಹೆದರಿದ ಎದುರಾಳಿ ಗುರಾಣಿ ವ್ಯರ್ಥ ಮಾಡುವ ಸಾಧ್ಯತೆ ಇದೆ. ಇದಕ್ಕೆ ಬೇಟ್ ಎಂಬ ಹೆಸರಿದೆ. ಎದುರಾಳಿ ಎಷ್ಟು ಫಾಸ್ಟ್ ಹೊಡೆತ ಹೊಡೆದಿದ್ದಾನೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದರೆ ಅವನ ದೊಡ್ಡ ಹೊಡೆತ ಯಾವಾಗ ಬರುವುದೆಂದು ಮೊದಲೇ ಗೊತ್ತಾಗುತ್ತದೆ, ಆಗ ಬೇಟ್‌ಗೆ ಸಿಕ್ಕಿಬೀಳುವುದು ತಪ್ಪುತ್ತದೆ. ಆಟದ ಒಂದು ಸರದಿ ಅರ್ಧ ಸೆಕೆಂಡಿನದು. ಸಂಜೆಯ ವಿರಾರ್ ಲೋಕಲ್‌ನಲ್ಲಿ ಗೋರೆಗಾಂವ್ ದಾಟಿ ಮಲಾಡ್ ಬರುವಷ್ಟರಲ್ಲಿ ನೆಟ್‌ವರ್ಕ್ ಎರಡು ಬಾರಿ ಕೈಕೊಟ್ಟರೆ ಎಣಿಕೆಯೂ ತಪ್ಪುತ್ತದೆ, ಪಂದ್ಯವೂ ಕೈತಪ್ಪುತ್ತದೆ. ಗಂಭೀರವಾಗಿ ಆಡುವವರು ಮನೆಯ ವೈಫೈ ಇರುವಾಗಷ್ಟೇ ಪಂದ್ಯಕ್ಕೆ ಕೂರುವುದು ಇದರಿಂದಲೇ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇದೇ ತತ್ತ್ವಗಳು ಇನ್ನೂ ಕಠಿಣ ರೂಪದಲ್ಲಿ ಕೆಲಸ ಮಾಡುತ್ತವೆ. ಪೋಕೆಮಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗೋ ಆಟ ಮೊದಲ ಬಾರಿಗೆ ಸೇರ್ಪಡೆಯಾದದ್ದು 2022ರಲ್ಲಿ, ಲಂಡನ್ನಿನಲ್ಲಿ. ಅಂತಹ ಟೂರ್ನಿಗಳಲ್ಲಿ ಆಟಗಾರ ಆರು ಪ್ರಾಣಿಗಳನ್ನು ಎದುರಾಳಿಗೆ ತೋರಿಸಿ, ಪ್ರತಿ ಆಟಕ್ಕೂ ಅವುಗಳಲ್ಲಿ ಮೂರನ್ನು ಗುಟ್ಟಾಗಿ ಆರಿಸುತ್ತಾನೆ. ಆದ್ದರಿಂದ ಒಂದು ತಂಡದ ಬದಲು ಒಂದೇ ಆರರಿಂದ ಹೊರಡಬಹುದಾದ ಹಲವು ತಂಡಗಳನ್ನು ಯೋಚಿಸಬೇಕಾಗುತ್ತದೆ. ಬಲಕ್ಕಿಂತ ಹೊಂದಾಣಿಕೆಯೇ ಮುಖ್ಯ ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ನಿಂಟೆಂಡೊ ಯಂತ್ರದ ಆಟದಿಂದ ಬರುತ್ತದೆ. 2014ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್, ಯಾರೂ ಲೆಕ್ಕಕ್ಕಿಡದಿದ್ದ ಪಚಿರಿಸು ಎಂಬ ಅಳಿಲಿನಾಕಾರದ ಪುಟ್ಟ ಪ್ರಾಣಿಯನ್ನು ತಂಡದಲ್ಲಿಟ್ಟುಕೊಂಡು ಗೆದ್ದರು. ಎದುರಾಳಿಯ ಹೊಡೆತಗಳನ್ನು ತನ್ನತ್ತ ಸೆಳೆಯುವುದು ಅದರ ಕೆಲಸವಾಗಿತ್ತು. ವಿದ್ಯುತ್ತಿನ ಹೊಡೆತ ಅದಕ್ಕೆ ಪೆಟ್ಟಾಗುವ ಬದಲು ಚೇತರಿಕೆಯಾಗುತ್ತಿದ್ದುದರಿಂದ, ವಿದ್ಯುತ್ತಿಗೆ ಹೆದರುವ ಗ್ಯಾರಡೋಸ್ ಪಕ್ಕದಲ್ಲಿ ನಿರ್ಭಯವಾಗಿ ಹೋರಾಡಲು ಸಾಧ್ಯವಾಯಿತು.

ಕೊನೆಯದಾಗಿ ಖರ್ಚಿನ ವಿಚಾರ. ಪ್ರಾಣಿಯನ್ನು ಬೆಳೆಸಲು ಸ್ಟಾರ್‌ಡಸ್ಟ್ ಎಂಬ ಆಟದೊಳಗಿನ ಸಂಪತ್ತು ಬೇಕು. ಎರಡನೆಯ ಚಾರ್ಜ್ಡ್ ಹೊಡೆತವನ್ನು ಕಲಿಸಲು ಮಾತ್ರವೇ ಜಾತಿಗನುಗುಣವಾಗಿ 10 ಸಾವಿರದಿಂದ 1 ಲಕ್ಷದವರೆಗೆ ಸ್ಟಾರ್‌ಡಸ್ಟ್ ತೆರಬೇಕಾಗುತ್ತದೆ, ಅದನ್ನು ಒಮ್ಮೆ ಸುರಿದರೆ ಮರಳಿ ಪಡೆಯುವ ದಾರಿಯಿಲ್ಲ. ಇದರ ಮೇಲೆ, ಸುಮಾರು ಮೂರು ತಿಂಗಳಿಗೊಮ್ಮೆ ಹೊಸ ಋತು ಆರಂಭವಾದಾಗ ಕೆಲವು ಹೊಡೆತಗಳ ಬಲವನ್ನೂ ಶಕ್ತಿಯ ಲೆಕ್ಕವನ್ನೂ ಆಟದ ನಿರ್ಮಾಪಕರು ಬದಲಿಸುತ್ತಾರೆ; ನಿನ್ನೆಯವರೆಗೆ ಮೆರೆದ ಪ್ರಾಣಿ ಇಂದು ಬೆಂಚಿಗೆ ಸರಿಯಬಹುದು. ಬೇರೆಯವರ ಗೆಲುವಿನ ತಂಡವನ್ನು ಹಾಗೆಯೇ ನಕಲು ಮಾಡಿದವರಿಗೆ ಇಂತಹ ಬದಲಾವಣೆ ದೊಡ್ಡ ಪೆಟ್ಟು, ಸರಪಳಿಯ ತರ್ಕ ಗೊತ್ತಿದ್ದವರಿಗೆ ಒಂದು ಕೊಂಡಿಯನ್ನು ಬದಲಿಸುವಷ್ಟೇ ಕೆಲಸ. ಆದ್ದರಿಂದ ಹೊಸದಾಗಿ ತಂಡ ಕಟ್ಟಲು ಹೊರಟವರು ಸ್ಟಾರ್‌ಡಸ್ಟ್‌ಗೆ ಕೈಹಾಕುವ ಮುನ್ನ ಮೂರೂ ಪ್ರಾಣಿಗಳ ದೌರ್ಬಲ್ಯಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ದೌರ್ಬಲ್ಯದ ಎದುರು ಅದನ್ನು ತಡೆಯುವ ಜೊತೆಗಾರನ ಹೆಸರು ಬರೆಯಲಿ. ಯಾವುದಾದರೂ ಸಾಲು ಖಾಲಿ ಉಳಿದರೆ ಆ ತಂಡಕ್ಕೆ ಇನ್ನೂ ಖರ್ಚು ಮಾಡಬಾರದು.