ಸುಟ್ಟ ಬಲ್ಬನ್ನು ಬಿಸಾಡಬೇಡಿ

ಆಂಡರ್ಸನ್‌ಪೇಟೆಯಲ್ಲಿ ಕಾರು ಇಟ್ಟುಕೊಂಡವರಿಗೆ ರಾತ್ರಿ ಓಡಾಟ ತಪ್ಪಿದ್ದಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರಿಯುವುದು ಬೆಂಗಳೂರಿಗೆ ಹೋಗಿಬರುವ ರೈಲಿನಿಂದ. ಮಾರಿಕುಪ್ಪಂ ಗಾಡಿ ತಪ್ಪಿದರೆ ಬಂಗಾರಪೇಟೆ ಜಂಕ್ಷನ್ನಿಗೇ ಹೋಗಿ ಮನೆಯವರನ್ನು ಕರೆತರಬೇಕು. ನಮ್ಮ ಹಳೇ ಕಾರಿನ ಹೆಡ್‌ಲೈಟ್ ಕೈಕೊಡುತ್ತಿದ್ದದ್ದೂ ಇಂಥ ರಾತ್ರಿಗಳಲ್ಲೇ. ಮೊದಮೊದಲು ಎಡಗಡೆಯದು ಮಾತ್ರ, ಆಮೇಲಾಮೇಲೆ ಎರಡೂ.

ರಾಬರ್ಟ್‌ಸನ್‌ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋಗಿ ಹೊಸ ಬಲ್ಬು ಕೇಳಿದೆ. ಅವರು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಕೇಳಿದ್ದು ಬೇರೆಯೇ: “ಹೊಸದು ಆಮೇಲೆ ಸಾರ್, ಹಳೇದೆಲ್ಲಿ?” ಡ್ಯಾಶ್‌ಬೋರ್ಡಿನಲ್ಲಿ ಬಿದ್ದಿದ್ದ ಸುಟ್ಟ ಬಲ್ಬುಗಳನ್ನು ಕೊಟ್ಟೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಅಂದು ಅವರಿಂದ ಕಲಿತದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಗಾಜು ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಅದು ಅದುರಿಕೆಯ ಕೆಲಸ. ನಮ್ಮ ಗುಂಡಿ, ಹಂಪುಗಳ ರಸ್ತೆಯಲ್ಲಿ ಬಲ್ಬನ್ನು ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ ಸಡಿಲವಾದರೆ ಸಾಕು. ಒಳಗೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಗಾಜು ಎಲ್ಲೋ ಬಿರಿದು ಗಾಳಿ ಹೊಕ್ಕಿದೆ. ಉರಿಯುವ ಬಲ್ಬಿನ ಮೇಲೆ ನೀರು ಬಿದ್ದರೂ ಹೀಗಾಗುತ್ತದೆ. ಗಾಜು ಒಂದು ಕಡೆ ಉಬ್ಬಿದ್ದರೆ, ಹಾಕಿದವರ ಬೆರಳಿನ ಜಿಡ್ಡು ಅಂಟಿ ಅಲ್ಲಿ ಮಾತ್ರ ಕಾವು ಹೆಚ್ಚಾಗಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು ಅದಕ್ಕೇ. ಇನ್ನು ಗಾಜಿನ ಒಳಮೈ ಕಪ್ಪಿಟ್ಟು, ಫಿಲಮೆಂಟಿನ ತುದಿ ಕರಗಿ ಮಣಿಯಾಗಿದ್ದರೆ ವೋಲ್ಟೇಜ್ ಮೇಲೆ ಅನುಮಾನ. (ಹೆಚ್4 ಬಲ್ಬಿನ ನೆತ್ತಿಯ ಮೇಲಿನ ಕಪ್ಪು ಬಣ್ಣ ಕಾರ್ಖಾನೆಯಲ್ಲೇ ಬಳಿದದ್ದು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.)

ಎಡಗಡೆಯ ಹಳೇ ಬಲ್ಬುಗಳಲ್ಲಿ ಬಿಳಿ ಪುಡಿ ಇತ್ತು. ಒಂದೇ ಕಡೆಯದು ಪದೇಪದೇ ಹೋಗುತ್ತಿದ್ದರೆ ಡೈನಮೋವನ್ನು ದೂರಬೇಕಾಗಿಲ್ಲ, ಅದರ ಕರೆಂಟು ಎರಡೂ ಕಡೆಗೆ ಹೋಗುತ್ತದಲ್ಲ. ಹೆಡ್‌ಲೈಟ್ ಡೂಮ್ ಹಿಂದಿನ ರಬ್ಬರ್ ಕ್ಯಾಪ್ ಹರಿದಿತ್ತು, ಮಳೆನೀರು ಒಳಗಿಳಿಯುತ್ತಿತ್ತು. ಬೇಸಿಗೆ ಗಾಳಿಗೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬದಿಂದ ಏಳುವ ಬೂದು ಧೂಳೂ ಅದೇ ಸಂದಿಯಲ್ಲಿ ನುಗ್ಗಿ ರಿಫ್ಲೆಕ್ಟರ್ ಮಂಕಾಗಿತ್ತು. ಕ್ಯಾಪ್ ಬದಲಾಯಿಸಿದ ಮೇಲೆ ಆ ಕಾಟ ನಿಂತಿತು.

ಎರಡೂ ಬಲ್ಬು ಹೋಗುತ್ತಿದ್ದ ಕಥೆ ಬೇರೆ. ಆ ಜೋಡಿ ಕಪ್ಪಿಟ್ಟಿತ್ತು. ಬ್ಯಾಟರಿಯ ನೀರೂ ಬೇಗಬೇಗ ಇಂಗುತ್ತಿತ್ತು. ಎಲೆಕ್ಟ್ರಿಷಿಯನ್ ಬ್ಯಾಟರಿಗೆ ಮೀಟರ್ ಹಿಡಿದು, “ಆಕ್ಸಿಲರೇಟರ್ ಒತ್ತಿ ಸಾರ್” ಅಂದರು. ಸುಮಾರು 14 ವೋಲ್ಟ್ ಇರಬೇಕಾದಲ್ಲಿ ಮುಳ್ಳು 15 ದಾಟಿತು. ಒಂದು ವೋಲ್ಟಿಗೇನು ಮಹಾ ಅನ್ನಿಸಬಹುದು. ಆದರೆ ವೋಲ್ಟೇಜ್ ನೂರಕ್ಕೆ ಐದು ಏರಿದರೆ ಬಲ್ಬಿನ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಹತ್ತು ಏರಿದರೆ ಮೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಬೆಳಕೇನೋ ಜೋರಾಗಿರುತ್ತದೆ, ನೋಡುವವರಿಗೆ ಖುಷಿ. ಬೆಂಗಳೂರಿಗಿಂತ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ನಮಗೆ ಬಂತು ಎಂದು ಕೊಚ್ಚಿಕೊಳ್ಳುವ ಊರಿನವರು ನಾವು. ಆ ಊರಲ್ಲೇ ಕಾರಿನ ವೋಲ್ಟೇಜ್ ಅಳೆಯದೆ ಬಲ್ಬು ಮಾರುವ ಅಂಗಡಿಗಳೇ ಹೆಚ್ಚು!

ಕೆಟ್ಟಿದ್ದದ್ದು ಡೈನಮೋ ಒಳಗಿನ ರೆಗ್ಯುಲೇಟರ್. ಅದನ್ನು ಬದಲಾಯಿಸಿದ ಮೇಲೆ ಮೀಟರ್ 14ರ ಆಸುಪಾಸಿನಲ್ಲೇ ನಿಂತಿತು. ಜೊತೆಗೆ ಅವರು ಹೋಲ್ಡರುಗಳನ್ನೂ ಬಿಚ್ಚಿಸಿದರು. ಒಂದರ ಪ್ಲಾಸ್ಟಿಕ್ ಕಂದಿತ್ತು, ಪಿನ್ನು ಸಡಿಲವಾಗಿತ್ತು. ಸಡಿಲ ಪಿನ್ನಿನಲ್ಲಿ ಕಿಡಿ ಹಾರಿ, ಕಾವು ಏರಿ, ಬಲ್ಬು ಮಿಣಮಿಣ ಅನ್ನುತ್ತದೆ. ಅಂಥ ಹೋಲ್ಡರಿಗೆ ಹೊಸ ಬಲ್ಬು ಹಾಕುವುದು ದಂಡ.

ನಡುವೆ ನೆಂಟರೊಬ್ಬರು “60/55 ಯಾಕೆ, 100/90 ಹಾಕಿಸು” ಅಂದಿದ್ದರು. ಕೇಳದೇ ಇದ್ದದ್ದು ಒಳ್ಳೆಯದಾಯಿತು. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 100 ವ್ಯಾಟಿನದು 8ಕ್ಕೂ ಹೆಚ್ಚು ಎಳೆಯುತ್ತದೆ. ರಿಲೇ ಇಲ್ಲದ ಹಳೇ ಗಾಡಿಯಲ್ಲಿ ಅಷ್ಟೂ ಕರೆಂಟು ಸ್ವಿಚ್ಚಿನ ಮೂಲಕವೇ ಹೋಗಬೇಕು. ಸುಡುವುದು ಆಗ ಬಲ್ಬಲ್ಲ, ವೈರು. ಎದುರಿನಿಂದ ಬರುವ ಬೈಕಿನವನ ಕಣ್ಣು ಕುಕ್ಕುವ ಪಾಪವೂ ನಮಗೇ. “ಹೆಚ್ಚು ಬೆಳಕು” ಎಂದು ಡಬ್ಬಿಯ ಮೇಲೆ ಬರೆದಿರುವ ಬಲ್ಬುಗಳೂ ಸಾಮಾನ್ಯವಾಗಿ ಬೇಗ ಹೋಗುತ್ತವೆ: ತೆಳು ಫಿಲಮೆಂಟ್, ಹೆಚ್ಚು ಕಾವು.

ಈಗ ಬಲ್ಬು ಹೋದಾಗ ಎರಡನ್ನೂ ಒಟ್ಟಿಗೆ ಬದಲಾಯಿಸುತ್ತೇನೆ, ಕೈಗೆ ಒಗೆದ ಬಟ್ಟೆ ಸುತ್ತಿಕೊಂಡು. ಕಾರಿನಲ್ಲಿ ಒಂದು ಸ್ಪೇರ್ ಬಲ್ಬು ಇದೆ, ಪಕ್ಕದಲ್ಲಿ ಅಗ್ಗದ ಮೀಟರ್. ಸಂಜೆ ರೈಲ್ವೆ ಗೇಟಿನಲ್ಲಿ ಕಾಯುವಾಗ ಪಕ್ಕದ ಕಾರಿನವರು ಒಂಟಿ ಲೈಟಿನಲ್ಲಿ ನಿಂತಿದ್ದರೆ ಕೇಳುವುದು ಒಂದೇ: “ಹಳೇ ಬಲ್ಬು ಇಟ್ಕೊಂಡಿದ್ದೀರಾ?”