ಮೈದುನನ ಗಾಳದ ಡಬ್ಬಿ

ನನ್ನ ಲೈಸೆನ್ಸ್ ಸರಿಯಿತ್ತು. ಮಗನದ್ದೂ ಸರಿಯಿತ್ತು. ಊರಿಂದ ಬಂದಿದ್ದ ಮೈದುನನಿಗೆ ಒಂದು ದಿನದ ಲೈಸೆನ್ಸನ್ನು ಹಿಂದಿನ ರಾತ್ರಿ ನಾನೇ ದುಡ್ಡು ಕೊಟ್ಟು ತೆಗೆದಿದ್ದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಉಂಟು. ರೆಡಿಂಗ್‌ನ ನಮ್ಮ ಕನ್ನಡದವರ ನಡುವೆ ಈಗ ಓಡಾಡುತ್ತಿರುವ ಕಥೆಯಲ್ಲಿ ನಾನು ಥೇಮ್ಸ್ ನದಿಯಲ್ಲಿ ಕದ್ದು ಮೀನು ಹಿಡಿಯುವಾಗ ಸಿಕ್ಕಿಬಿದ್ದ ಹೆಂಗಸು. ಆ ಕಥೆಯಲ್ಲಿ ಮೈದುನನ ಹೆಸರೇ ಇಲ್ಲ. ಇದನ್ನು ಬರೆಯುತ್ತಿರುವುದು ಅರ್ಧ ಅದಕ್ಕೆ. ಇನ್ನರ್ಧ, ಊರಿಂದ ನೆಂಟರು ಬಂದಾಗ ಅವರನ್ನು ನದಿಗೆ ಕರೆದುಕೊಂಡು ಹೋಗುವ ಇತರರಿಗೆ.

ನಾನು ಬಂಟ್ವಾಳದವಳು. ನೇತ್ರಾವತಿಯಲ್ಲಿ ಬಿದಿರ ಕೋಲು, ತಂಗೂಸಿ ದಾರ, ಎರೆಹುಳು ಇಟ್ಟುಕೊಂಡು ಬೆಳೆದದ್ದು. ಇಲ್ಲಿ ಬಂದ ಮೇಲೆ ಕಾನೂನು ಓದಿಯೇ ಗಾಳ ಕೊಂಡೆ. ಬ್ರೀಮ್, ರೋಚ್‌ನಂಥ ಮೀನುಗಳಿಗೆ ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ಹಾಕುವಂತಿಲ್ಲ, ಅದು ಅವು ಮೊಟ್ಟೆಯಿಡುವ ಕಾಲ. ಊರಲ್ಲಿ ಜೂನ್ ಒಂದಕ್ಕೆ ಬೋಟುಗಳು ದಡ ಸೇರುತ್ತವೆ, ಇಲ್ಲಿ ಜೂನ್ 16ಕ್ಕೆ ಗಾಳಗಳು ನೀರಿಗಿಳಿಯುತ್ತವೆ. 13 ವರ್ಷ ತುಂಬದ ಮಕ್ಕಳಿಗೆ ಲೈಸೆನ್ಸ್ ಬೇಡ. ಆದರೆ 13ರಿಂದ 16ರವರೆಗಿನವರಿಗೆ ಬೇಕು, ಪುಕ್ಕಟೆ ಸಿಗುತ್ತದೆ, ಹಾಗಂತ ತೆಗೆಯದೆ ಬಿಡುವಂತಿಲ್ಲ. ಮಗನ ಹುಟ್ಟುಹಬ್ಬದ ದಿನ ಕೇಕಿಗಿಂತ ಮೊದಲು ನಾನು ಮಾಡಿದ್ದು ಅವನ ಲೈಸೆನ್ಸ್. ಇಷ್ಟು ಮುತುವರ್ಜಿ ಇರುವವಳು ನಾನು.

ಆ ದಿನ ಒಟ್ಟು ಐದು ಗಾಳ. ನನ್ನವು ಎರಡು, ಮೈದುನನವು ಎರಡು, ಮಗನದ್ದು ಒಂದು. ಒಂದು ಲೈಸೆನ್ಸಿಗೆ ಎರಡು ಗಾಳ ಅನ್ನುವ ಲೆಕ್ಕದಲ್ಲಿ ಎಲ್ಲವೂ ಕಾನೂನಿನೊಳಗೇ ಇತ್ತು. ಕೋಲು, ರೀಲು ಎಲ್ಲ ನನ್ನವೇ, ಮೈದುನನಿಗೆ ಎರವಲು ಕೊಟ್ಟದ್ದು. ದಾರದ ತುದಿಗೆ ಕಟ್ಟುವ ಸಾಮಾನು ಮಾತ್ರ ಅವನ ಸ್ವಂತದ್ದು. ಮಂಗಳೂರಿನ ಬಂದರಿನ ಹತ್ತಿರ ಕೊಂಡದ್ದಂತೆ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದಿದ್ದ. "ನಿಮ್ಮ ಇಂಗ್ಲಿಷ್ ಸಾಮಾನಿಗೆ ಮೀನು ಕಚ್ಚುವುದಿಲ್ಲ ಅತ್ತಿಗೆ" ಅಂತ ಅವನ ಜಂಬ. ಕೋಲಿನ ತುದಿಗೆ ಪುಟ್ಟ ಗೆಜ್ಜೆಗಳನ್ನೂ ಕಟ್ಟಿದ. ಒಂದು ಕೋಲು ಇಲ್ಲಿ, ಇನ್ನೊಂದು ಆ ಮರದ ಬುಡದಲ್ಲಿ. ಎರಡು ಗಾಳ ಹಾಕುವವನು ಅವುಗಳ ಹಿಡಿಗಳ ನಡುವೆ ಮೂರು ಮೀಟರಿಗಿಂತ ಹೆಚ್ಚು ಅಂತರ ಬಿಡಬಾರದು ಅಂತ ನಿಯಮ ಉಂಟು. ಹತ್ತಿರ ತಾ ಅಂದೆ. "ತರ್ತೇನೆ" ಅಂದ. ಅಷ್ಟರಲ್ಲಿ ಊರಿಂದ ಫೋನು ಬಂತು. ಮಾತಾಡುತ್ತಾ ಮಾತಾಡುತ್ತಾ ದಡದ ದಾರಿ ಹಿಡಿದು ತಿರುವಿನಾಚೆ ಹೋದ. ಹೋದವನು ಹೋದ.

ಅಧಿಕಾರಿ ಬಂದದ್ದು ಆಗಲೇ. ಅಲ್ಲಿವರೆಗೂ ದೂರದಲ್ಲಿ ನಿಂತು ನೋಡುತ್ತಿದ್ದನಂತೆ, ಆಮೇಲೆ ಗೊತ್ತಾಯಿತು. ಮೊದಲು ಮಗನ ಲೈಸೆನ್ಸ್ ಕೇಳಿದ, ನೋಡಿ "ವೆರಿ ಗುಡ್" ಅಂದ. ನನ್ನದೂ ನೋಡಿದ. ಆಮೇಲೆ ಬೆರಳು ಮಡಚುತ್ತಾ ಗಾಳ ಎಣಿಸಿದ.

"ಈ ನಾಲ್ಕು ಯಾರವು?"

"ಎರಡು ನನ್ನವು, ಎರಡು ನನ್ನ ಮೈದುನನವು."

"ಅವರೆಲ್ಲಿ?"

"ಈಗ ಬರ್ತಾರೆ. ಅಲ್ಲಿವರೆಗೆ ನಾನು ನೋಡಿಕೊಳ್ತಿದ್ದೇನೆ."

ನನ್ನನ್ನು ಮುಳುಗಿಸಿದ್ದು ಆ ಕೊನೆಯ ಮಾತು. ನಮ್ಮಲ್ಲಿ ಅದು ಸೌಜನ್ಯದ ಮಾತು. ಪಕ್ಕದವನು ಎದ್ದು ಹೋದರೆ ಅವನ ಚೀಲ ನೋಡಿಕೊಳ್ಳುತ್ತೇವೆ, ಮಗು ನೋಡಿಕೊಳ್ಳುತ್ತೇವೆ, ಗಾಳವನ್ನೂ ನೋಡಿಕೊಳ್ಳುತ್ತೇವೆ. ಇಲ್ಲಿನ ಕಾನೂನು ಕೋಲು ಯಾರದ್ದು ಅಂತ ಕೇಳುವುದಿಲ್ಲ. ನೀರಲ್ಲಿರುವ ಗಾಳ ಈ ಗಳಿಗೆಯಲ್ಲಿ ಯಾರ ಹಿಡಿತದಲ್ಲಿ ಉಂಟು ಅಂತ ಕೇಳುತ್ತದೆ. ಯಾರ ಹಿಡಿತದಲ್ಲೂ ಇಲ್ಲದಿದ್ದರೆ, ಗಾಳ ಬಿಟ್ಟು ಹೋದ ಮೈದುನನ ಅಪರಾಧ. ನನ್ನ ಹಿಡಿತದಲ್ಲಿ ಇದ್ದರೆ, ಎರಡು ಗಾಳದ ಲೈಸೆನ್ಸಿನಲ್ಲಿ ನಾಲ್ಕು ಗಾಳ ಹಾಕಿದ ನನ್ನ ಅಪರಾಧ. ಈ ಎರಡರ ನಡುವೆ ನಾನು ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ ಮರದ ಬುಡದ ಕೋಲಿನ ಗೆಜ್ಜೆ ಗಲಗಲ ಅಂತು.

ನೀವೇ ಹೇಳಿ, ಏನು ಮಾಡಬೇಕಿತ್ತು? ಕೋಲು ಬಿಲ್ಲಿನ ಹಾಗೆ ಬಾಗಿ ಹಿಡಿಯೇ ನೀರಿನ ಕಡೆ ಜಾರುತ್ತಿತ್ತು. ಮೀನಿನ ಬಾಯಲ್ಲಿ ಕೊಕ್ಕೆ. ಬಿಟ್ಟಿದ್ದರೆ ಕೋಲೂ ಹೋಗುತ್ತಿತ್ತು, ದಾರ ಎಳೆದುಕೊಂಡು ಆ ಮೀನೂ ಎಲ್ಲೋ ಬೇರಿಗೆ ಸಿಕ್ಕಿಹಾಕಿಕೊಂಡು ಸಾಯುತ್ತಿತ್ತು. ಓಡಿದೆ. ಅಧಿಕಾರಿಯ ಕಣ್ಣೆದುರೇ ಮೈದುನನ ಕೋಲು ಎತ್ತಿದೆ, ರೀಲು ತಿರುಗಿಸಿದೆ. ಒಳ್ಳೆ ಗಾತ್ರದ ಬ್ರೀಮ್, ಮೊರದ ಹಾಗೆ ಅಗಲ. ಮಗ ಬಲೆ ತಂದು ಎತ್ತಿದ. ಆ ಬಲೆಯನ್ನು ಅಧಿಕಾರಿ ಬೆರಳಿನಿಂದ ತಡವಿ ನೋಡಿದ. ಗಂಟಿಲ್ಲದ ಹೆಣಿಗೆ. ಗಂಟಿದ್ದರೆ ಮೀನಿನ ಮೈಯ ಲೋಳೆ, ಹುರುಪೆ ಕಿತ್ತುಹೋಗುತ್ತವೆ, ಅದಕ್ಕೆ ಗಂಟು ಬಲೆ ಇಲ್ಲಿ ನಿಷಿದ್ಧ. ನನ್ನ ಬಲೆ ಪಾಸಾಯಿತು. ಒಂದು ಕ್ಷಣ ಹೆಮ್ಮೆಯೇ ಆಯಿತು ಅನ್ನಿ.

ಆಮೇಲೆ ಅವನ ಕಣ್ಣು ದಾರದ ಮೇಲೆ ಬಿತ್ತು. ಕೊಕ್ಕೆಯಿಂದ ಒಂದು ಗೇಣು ಮೇಲೆ, ಮಂದವಾಗಿ ಹೊಳೆಯುವ ಸೀಸದ ಗುಂಡು.

0.06 ಗ್ರಾಮಿನಿಂದ 28.35 ಗ್ರಾಮ್, ಅಂದರೆ ಒಂದು ಔನ್ಸಿನವರೆಗಿನ ಸೀಸದ ಗುಂಡನ್ನು ಇಲ್ಲಿ ಗಾಳಕ್ಕೆ ಕಟ್ಟುವಂತಿಲ್ಲ. 1987ರಿಂದ ಅಂಗಡಿಯಲ್ಲಿ ಮಾರುವಂತೆಯೂ ಇಲ್ಲ. ತೀರಾ ಸಣ್ಣ ಕಾಳಿಗೆ ಅಡ್ಡಿಯಿಲ್ಲ, ಔನ್ಸಿಗಿಂತ ದೊಡ್ಡದಕ್ಕೂ ಇಲ್ಲ, ನಡುವಿನದ್ದಕ್ಕೆ ಮಾತ್ರ. ಕಾರಣ ಹಂಸಗಳು. ಅವು ಮೇವು ಅರೆಯಲಿಕ್ಕೆ ನದಿಯ ತಳದ ಹರಳು ನುಂಗುತ್ತವೆ. ಹರಳಿನ ಜೊತೆ ದಾರ ತುಂಡಾಗಿ ಬಿದ್ದ ಗುಂಡುಗಳೂ ಒಳಗೆ ಹೋಗಿ, ಹೊಟ್ಟೆಯಲ್ಲಿ ಅರೆದು, ಸೀಸ ರಕ್ತಕ್ಕೆ ಸೇರಿ ಸಾಯುತ್ತಿದ್ದವು. ಥೇಮ್ಸ್‌ನಲ್ಲಿ ಅವುಗಳ ಸಂಖ್ಯೆ ಒಂದು ಕಾಲಕ್ಕೆ ತೀರಾ ಇಳಿದುಹೋಗಿತ್ತು. ಈಗಲೂ ಪ್ರತಿ ಜುಲೈಯಲ್ಲಿ ರಾಜನ ಕಡೆಯವರು ದೋಣಿಯಲ್ಲಿ ಬಂದು ಈ ನದಿಯ ಹಂಸಗಳನ್ನು ಎಣಿಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು! ನನ್ನ ಚೀಲದಲ್ಲಿ ಒಂದು ಚೂರು ಸೀಸವೂ ಇರಲಿಲ್ಲ, ಎಲ್ಲ ಟಂಗ್‌ಸ್ಟನ್ನು. ಡಬ್ಬಿ ಬಿಚ್ಚಿ ತೋರಿಸು ಅಂತ ಮನೆಯಲ್ಲೇ ಕೇಳಿದ್ದೆ. "ಬರೀ ಕೊಕ್ಕೆ, ಬೆಂಡು" ಅಂದಿದ್ದ. ಗಂಡನ ತಮ್ಮನ ಡಬ್ಬಿಯನ್ನು ಕಸಿದುಕೊಂಡು ತಪಾಸಣೆ ಮಾಡಲಿಕ್ಕೆ ಆಗುತ್ತದಾ?

ಅಧಿಕಾರಿ ಮಾಡಿದ. ಹುಲ್ಲಿನ ಮೇಲೆ ಕಾಗದ ಹಾಸಿ ಡಬ್ಬಿ ಮಗುಚಿದ. ಮುಷ್ಟಿಗಟ್ಟಲೆ ಸೀಸ. ಅಡಿಯಲ್ಲಿ ಮಡಚಿಟ್ಟ ಗಂಟುಗಂಟಿನ ಬಲೆಚೀಲ, ಹಿಡಿದ ಮೀನು ಕೂಡಿಡಲಿಕ್ಕೆ. ಅಂಥ ಬಲೆ ಇಲ್ಲಿ ಎರಡು ಮೀಟರಿಗಿಂತ ಗಿಡ್ಡ ಇರಬಾರದು, ಅದರ ಕಣ್ಣಿನ ಒಳಸುತ್ತಳತೆ 25 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಇದು ಸಂತೆಚೀಲದಷ್ಟು. ಆಮೇಲೆ ಪುಸ್ತಕ ತೆಗೆದು, ನೀವೇನೂ ಹೇಳಬೇಕಾಗಿಲ್ಲ, ಆದರೆ ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು ಅಂತ ಓದಿದ. ಟಿವಿಯಲ್ಲಿ ಕೊಲೆಗಾರರಿಗೆ ಓದುವ ಸಾಲು. ನನ್ನ ಮಗನ ಎದುರು. ಹುಡುಗನ ಕಿವಿ ಕೆಂಪಾಯಿತು, ಆ ಕಡೆ ತಿರುಗಿ ಬೂಟಿನ ತುದಿಯಿಂದ ಹುಲ್ಲು ಒದೆಯತೊಡಗಿದ. ದಡದ ಮೇಲೆ ನಾಯಿ ನಡೆಸುವವರು ನಿಧಾನಿಸಿ ನೋಡಿ ಹೋದರು. ಅಧಿಕಾರಿ ದನಿ ಏರಿಸಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ, ಅದೇ ಹೆಚ್ಚು ಉರಿ. ದೂರದಲ್ಲಿ ನಿಂತು ನೋಡುತ್ತಿದ್ದವನಿಗೆ ಮೈದುನ ಎದ್ದು ಹೋದದ್ದು ಕಾಣಲಿಲ್ಲವಾ? ಆಗಲೇ ಬಂದು "ಮ್ಯಾಡಂ, ಆ ಗಾಳ ಎತ್ತಿಬಿಡಿ" ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಮೈದುನ ಬಂದ. "ಎಂತ ಅತ್ತಿಗೆ, ಇವರು ಯಾರು?" ಅಂತ ಕೇಳಿ, ಮೊದಲು ಮೀನಿನ ಕಡೆ ನೋಡಿ, "ಓಹೋ, ರವೆ ಹಾಕಿ ಹುರಿಯುವಾ" ಅಂದ. ಅಷ್ಟು ದೊಡ್ಡ ಬ್ರೀಮನ್ನು ನದಿಯಿಂದ ಮನೆಗೆ ಒಯ್ಯುವಂತೆಯೂ ಇಲ್ಲ. 20 ಸೆಂಟಿಮೀಟರಿಗಿಂತ ಉದ್ದ ಇದ್ದರೆ ವಾಪಸ್ ಬಿಡಬೇಕು. ಬಿಟ್ಟೆವು.

ಬುದ್ಧಿಮಾತು ಅಂತ ಹೇಳುವುದಾದರೆ ಹೆಚ್ಚೇನಿಲ್ಲ. ನೆಂಟರ ಡಬ್ಬಿಯನ್ನು ಮನೆಯ ಮೇಜಿನ ಮೇಲೆ ಸುರಿಸಿ ನೋಡಿ, ದಾಕ್ಷಿಣ್ಯ ಬೇಡ. ಯಾರೇ ಎದ್ದರೂ, ಮೂತ್ರಕ್ಕೇ ಆಗಲಿ, ಅವರ ಗಾಳ ನೀರಿಂದ ಹೊರಗೆ ಬರಬೇಕು. ಲೈಸೆನ್ಸನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ, ಕೇಳಿದಾಗ ತೋರಿಸಲಾಗದಿದ್ದರೆ 2,500 ಪೌಂಡಿನವರೆಗೂ ದಂಡ ಬೀಳಬಹುದು, ನದಿದಂಡೆಯಲ್ಲಿ ಸಿಗ್ನಲ್ ಇರುತ್ತದೆ ಅಂತ ನಂಬಬೇಡಿ. ಲೈಸೆನ್ಸ್ ಬೇರೆ, ದಡದ ಮಾಲೀಕರ ಅಥವಾ ಕ್ಲಬ್ಬಿನ ಪರವಾನಗಿ ಬೇರೆ. ಮುಳ್ಳಿಲ್ಲದ ಕೊಕ್ಕೆಯೇ ಬೇಕು ಅನ್ನುವಂಥ ನಿಯಮಗಳು ಕ್ಲಬ್ಬುಗಳದ್ದು, ಅವನ್ನೂ ಓದಿ.

ಮೈದುನ ಊರಿಗೆ ಹೋದ ಮೇಲೆ ಲಿಖಿತ ಎಚ್ಚರಿಕೆ ಬಂತು, ನನ್ನ ಹೆಸರಿಗೆ. ದಂಡವಿಲ್ಲ. "ದಂಡ ಇಲ್ಲವಲ್ಲ, ಬಿಡು" ಅಂದರು ನಮ್ಮ ಮನೆಯವರು, ತಮ್ಮನ ಬಗ್ಗೆ ತುಟಿ ಎರಡು ಮಾಡಲಿಲ್ಲ. ನಾನು ಬಿಡಲಿಲ್ಲ. ಬಾಯಲ್ಲಿ ಕೊಕ್ಕೆ ಇರುವ ಮೀನನ್ನು ಎತ್ತದೆ ಏನು ಮಾಡಬೇಕಿತ್ತು ಅಂತ ಕಾಗದ ಬರೆದು ಕೇಳಿದೆ. ಮರ್ಯಾದೆಯ ಉತ್ತರ ಬಂತು: ನಿಮ್ಮ ಮೈದುನ ಹೊರಡುವ ಮೊದಲೇ ಅವರ ಕೈಯಿಂದ ಗಾಳ ಎತ್ತಿಸಬೇಕಿತ್ತು. ಉಂಡ ಬಟ್ಟಲನ್ನೇ ಎತ್ತದವನ ಕೈಯಲ್ಲಿ! ಅದು ನಮ್ಮ ಅತ್ತೆಯಿಂದಲೇ ಈವರೆಗೆ ಆಗಲಿಲ್ಲ.