ಮೊಲೆ ಬಿಡಿಸುವ ಕಾಲಕ್ಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಾ ನಾನು ಕಲಿತ ಪಾಠಗಳಿವು. ಇಲ್ಲಿ ಕೊಟ್ಟಿಗೆಯಲ್ಲಿ ಸೀಮೆಹಸು, ಊರಲ್ಲಿ ಡೇರಿ. ಮಗುವಿಗೆ ಹಾಲು ಸಾಲದ ಮನೆಗಿಂತ ಹಾಲು ಹೆಚ್ಚಾದ ಮನೆಯನ್ನೇ ನಾನು ಹೆಚ್ಚು ಕಂಡಿರುವುದು.

1. ವರ್ಷ ತುಂಬುವವರೆಗೆ ಹಸುವಿನ ಹಾಲು ಕುಡಿಸುವುದು ಬೇಡ. ಹಾಗಂತ ವರ್ಷ ತುಂಬಿದ ಕೂಡಲೇ ಮೊಲೆ ಬಿಡಿಸಬೇಕೆಂದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ, ಅದರಾಚೆಗೂ ಕುಡಿಸಿ ಎನ್ನುತ್ತದೆ. ತಾಯಿ ಮತ್ತೆ ಬಸುರಾದರೆ ಹಾಲು ಕೆಡುವುದಿಲ್ಲ. ಕಡಿಮೆಯಾಗುತ್ತದೆ, ರುಚಿ ಬದಲಾಗುತ್ತದೆ, ಕೆಲವು ಮಕ್ಕಳು ತಾವೇ ಬಿಟ್ಟುಬಿಡುತ್ತವೆ.

2. ಬೇವು, ಹಾಗಲರಸ, ಲೋಳೆಸರ ಬಳಿದು ಒಂದೇ ದಿನಕ್ಕೆ ಬಿಡಿಸುವವರಿದ್ದಾರೆ. ಮಗು ಹೆದರಿ ಬಿಡುತ್ತದೆ, ಎದೆ ಮಾತ್ರ ಹಾಲು ತುಂಬಿಸುತ್ತಲೇ ಇರುತ್ತದೆ. ಆಮೇಲೆ ಗಂಟು, ನೋವು, ಜ್ವರ. ನಾಲ್ಕೈದು ದಿನಕ್ಕೆ ಒಂದು ಹೊತ್ತಿನಂತೆ ತಪ್ಪಿಸಿ. ಎದೆ ಬಿಗಿದರೆ ಹಗುರಾಗುವಷ್ಟೇ ಹಿಂಡಿ. ಚರ್ಮ ಕೆಂಪಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆ. ಎದೆಗೆ ಮಲ್ಲಿಗೆ ಕಟ್ಟುವ ಅಜ್ಜಿಯರನ್ನು ನಾನು ತಡೆಯುವುದಿಲ್ಲ. ವೆಲ್ಲೂರಿನ ವೈದ್ಯರು ಬಾಣಂತಿಯರಲ್ಲಿ ದುಂಡುಮಲ್ಲಿಗೆಯನ್ನು ಹಾಲು ನಿಲ್ಲಿಸುವ ಮಾತ್ರೆಯೊಂದಿಗೆ ಹೋಲಿಸಿ ನೋಡಿ, ಹೂವೂ ಕೆಲಸ ಮಾಡುತ್ತದೆಂದು 1988ರಲ್ಲೇ ಬರೆದಿದ್ದಾರೆ.

3. ಮೊದಲು ಹಗಲಿನ ಹೊತ್ತು ಬಿಡಿಸಿ, ಮಲಗುವಾಗಿನದು ಕೊನೆಗೆ. ಕರೆಂಟ್ ಹೋದ ಕೂಡಲೇ ಮೊಲೆಗೆ ಓಡಿಬರುವ ಮಕ್ಕಳನ್ನು ಮಗ್ಗದ ಮನೆಗಳಲ್ಲಿ ನೋಡಿದ್ದೇನೆ. ಮಗ್ಗ ನಿಂತರೆ ಅಮ್ಮ ಸಿಗುತ್ತಾಳೆಂದು ಅವಕ್ಕೆ ಗೊತ್ತು! ಆ ಹೊತ್ತಿಗೆ ತಿನ್ನಲು ಏನಾದರೂ ಕೊಟ್ಟು ಮಡಿಲಲ್ಲಿ ಕೂರಿಸಿಕೊಳ್ಳಿ. ರಾತ್ರಿ ಅಪ್ಪನೋ ಅಜ್ಜಿಯೋ ಪಕ್ಕದಲ್ಲಿ ಮಲಗಲಿ.

4. "ನಮ್ಮನೆ ಹಸಿನ ಹಾಲೈತಲ್ಲ ಕಣಕ್ಕ, ಕುಡೀಲಿ ಬಿಡು" ಅಂತಾರೆ ಅತ್ತೆಯರು. ನಾನು ಜಗಳ ಆಡುವುದು ಇಲ್ಲೇ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಮಿಲಿಗ್ರಾಂನಷ್ಟೂ ಕಬ್ಬಿಣಾಂಶವಿಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 8 ಮಿಲಿಗ್ರಾಂ. ಹಾಲಿನಲ್ಲಿರುವ ಸುಣ್ಣದಂಶ ಊಟದ ಕಬ್ಬಿಣ ಮೈಗೆ ಹತ್ತದಂತೆಯೂ ಮಾಡುತ್ತದೆ. ಹೊಟ್ಟೆತುಂಬ ಹಾಲು ಕುಡಿದ ಮಗು ಮುದ್ದೆ, ಸೊಪ್ಪಿನ ಸಾರು ಮುಟ್ಟುವುದಿಲ್ಲ. ನೋಡಲು ಗುಂಡಗೆ, ಕಣ್ಣಿನ ಕೆಳರೆಪ್ಪೆ ಎಳೆದರೆ ಬಿಳಿಚು. ದಿನಕ್ಕೆ ಎರಡು ಲೋಟ ಸಾಕು. ಅರ್ಧ ಲೀಟರ್ ದಾಟಬಾರದು, ಅದೂ ಊಟ ಆದಮೇಲೆ. ವಾರಕ್ಕೆರಡು ಸಲ 1 ಮಿ.ಲೀ. ಕೊಡುವ ಕಬ್ಬಿಣದ ಸಿರಪ್ ಅನ್ನು ಹಾಲಿನ ಜೊತೆ ಕುಡಿಸಬೇಡಿ. ಟೀ ಅಂತೂ ಬೇಡವೇ ಬೇಡ.

5. ಕರೆದ ಹಾಲನ್ನು ಉಕ್ಕುವವರೆಗೆ ಕಾಯಿಸಿ. ಹಸು ಕಂದು ಹಾಕುವ ಬ್ರುಸೆಲ್ಲಾ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಹತ್ತುತ್ತದೆ. ವರ್ಷ ದಾಟಿದ ಮಗುವಿನ ಹಾಲಿಗೆ ನೀರು ಬೆರೆಸಬೇಕಿಲ್ಲ. ನೀಲಿ ಪ್ಯಾಕೆಟ್‌ನ ನಂದಿನಿಯಲ್ಲಿ ಕೊಬ್ಬಿರುವುದೇ ಶೇ. 3.

6. ಬಾಟಲಿ ಬೇಡ, ಲೋಟದಲ್ಲೇ ಕುಡಿಯಲಿ. ಮೊಲೆ ಬಿಡಿಸಿ ಬಾಟಲಿ ಹಿಡಿಸಿದರೆ ಆಮೇಲೆ ಅದನ್ನೂ ಬಿಡಿಸಬೇಕು.

7. ಹಸುವಿನ ಹಾಲೇ ಬೇಡ ಅನ್ನುವ ಮಗುವೂ ಉಂಟು. ಗೋಗರೆಯಬೇಡಿ, ಸಕ್ಕರೆ ಸುರಿಯಬೇಡಿ. ಮೊಸರನ್ನ ತಿನ್ನುತ್ತದೆಯೇ? ರಾಗಿ ಸರಿ ತಿನ್ನುತ್ತದೆಯೇ? ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಇವನ್ನು ಚೆನ್ನಾಗಿ ತಿನ್ನುವ ಮಗುವಿನ ಹಿಂದೆ ಲೋಟ ಹಿಡಿದು ಓಡಬೇಕಿಲ್ಲ.